ಐದನೇ ಲೇನಿನ ಲೆಕ್ಕ

ಮಣಿಪಾಲ: ಹೊರಡುವ ಮೊದಲು

ನಮ್ಮ ಶಾಲೆಯಲ್ಲಿ ಪಿ.ಟಿ. ಪಿರಿಯಡ್ ಎಂದರೆ ಬಸ್ಸಿನ ಖಾಲಿ ಸೀಟು. ಯಾರು ಬೇಕಾದರೂ ಟವೆಲ್ ಹಾಕಿ ಕುಳಿತುಕೊಳ್ಳಬಹುದು. ಹೆಚ್ಚಾಗಿ ಟವೆಲ್ ಹಾಕುತ್ತಿದ್ದವರು ಗಣಿತದ ಸದಾನಂದ ಮಾಸ್ಟ್ರು. ಮಳೆ ಬಂದರಂತೂ ಕೇಳುವುದೇ ಬೇಡ, ಪಿ.ಟಿ. ತನ್ನಿಂತಾನೇ ಗಣಿತವಾಗುತ್ತಿತ್ತು. ನಮ್ಮ ಶಾಲೆ ಇರುವುದು ಕಾಪುವಿನಲ್ಲಿ, ಅಲ್ಲಿ ಮಳೆ ಎಷ್ಟು ತಿಂಗಳು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹನ್ನೊಂದು ವರ್ಷ ಅಲ್ಲಿ ಪಿ.ಟಿ. ಟೀಚರ್ ಆಗಿರುವ ನಾನು ಇದಕ್ಕೆ ಒಗ್ಗಿಹೋಗಿದ್ದೆ. ಒಗ್ಗಿಹೋಗಿದ್ದೆ ಎಂದರೆ, ದಿನಾ ಸಿಟ್ಟು ಬರುತ್ತಿತ್ತು, ದಿನಾ ನುಂಗಿಕೊಳ್ಳುತ್ತಿದ್ದೆ.

ಈ ವರ್ಷ ಹೆಡ್‌ಮಾಸ್ಟ್ರು ಕರೆದು, ಒಂಬತ್ತು ಮತ್ತು ಹತ್ತನೆಯ ತರಗತಿಯ ಪಿ.ಟಿ.ಯನ್ನು ಇನ್ನು ಗಣಿತಕ್ಕೇ ಕೊಟ್ಟುಬಿಡುವ ಯೋಚನೆ ಇದೆ ಎಂದರು. ಅದೇ ವಾರ ಮಣಿಪಾಲದಲ್ಲಿ ಶಿಕ್ಷಕರಿಗೆ ಒಂದು ಶಿಬಿರ ನಡೆಯಿತು. ಡೆನ್ಮಾರ್ಕಿನಿಂದ ಬಂದವರು ಆಟದ ಮೂಲಕ ಗಣಿತ ಕಲಿಸುವುದು ಹೇಗೆ ಎಂದು ತೋರಿಸಿದರು. ಶಿಬಿರದಿಂದ ಒಬ್ಬರನ್ನು ದಸರಾ ರಜೆಯಲ್ಲಿ ಹತ್ತು ದಿನ ಅಲ್ಲಿಗೆ ಕರೆಸಿಕೊಳ್ಳುತ್ತೇವೆ ಎಂದರು. ಆ ಒಬ್ಬರು ನಾನಾದೆ. ಗಣಿತದ ಮಾಸ್ಟ್ರುಗಳೇ ತುಂಬಿದ್ದ ಕೋಣೆಯಲ್ಲಿ ಎದ್ದು ಓಡಲು ತಯಾರಿದ್ದವಳು ನಾನೊಬ್ಬಳೇ, ಬೇರೆ ಕಾರಣ ಇರಲಿಕ್ಕಿಲ್ಲ.

ಸುದ್ದಿ ಕೇಳಿ ಹೆಡ್‌ಮಾಸ್ಟ್ರು ಒಂದು ಷರತ್ತು ಹಾಕಿದರು.

"ಹೋಗಿ ಬನ್ನಿ ವಸಂತಿ ಟೀಚರ್. ಬಂದ ಮೇಲೆ ಸ್ಟಾಫಿನವರ ಎದುರು ಗ್ರೌಂಡಿನಲ್ಲಿ ಒಂದು ಪಾಠ ಮಾಡಿ ತೋರಿಸಿ. ಅದರಲ್ಲಿ ಗಣಿತ ಉಂಟು ಅಂತ ನಮಗೆ ಕಂಡ್ರೆ ಪಿರಿಯಡ್ ನಿಮ್ಮದೇ. ಇಲ್ಲದಿದ್ರೆ ಸದಾನಂದರಿಗೆ. ಆಗ್ಬಹುದಲ್ವಾ?"

"ಆಗ್ಬಹುದು ಸರ್," ಎಂದೆ. ನಾನು ಹುಟ್ಟಿ ಬೆಳೆದದ್ದು ಕಾರ್ಕಳದಲ್ಲಿ. ಅಲ್ಲಿ ಹೈಸ್ಕೂಲು ಓದುವಾಗ ಗಣಿತದ ಪಿರಿಯಡ್ಡನ್ನು ಬಹುಪಾಲು ಬೆಂಚಿನ ಮೇಲೆ ನಿಂತೇ ಕಳೆದವಳು ನಾನು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಅಂಚಿನಲ್ಲಿ ಪಾಸು. ಮೈದಾನಕ್ಕೆ ಓಡಿಹೋದದ್ದೇ ಅದರಿಂದ ತಪ್ಪಿಸಿಕೊಳ್ಳಲು. ಈಗ ಮೈದಾನ ಉಳಿಸಿಕೊಳ್ಳಲು ಅದರ ಕಾಲನ್ನೇ ಹಿಡಿಯಬೇಕಾಗಿ ಬಂದಿತ್ತು.

ಕೋಪನ್‌ಹೇಗನ್: ಬಿಳಿ ಹುಡಿ

ವಿದೇಶಕ್ಕೆ ಹೋಗುವವರು ಉಪ್ಪಿನಕಾಯಿ, ಚಟ್ನಿಹುಡಿ ಕಟ್ಟಿಕೊಳ್ಳುತ್ತಾರೆ. ನಾನು ಎರಡು ಕಿಲೋ ಸುಣ್ಣದ ಹುಡಿ ಕಟ್ಟಿಕೊಂಡೆ. ಕಬಡ್ಡಿ ಅಂಕಣ ಹಾಕುವುದು ಬೇಡವೇ? ಅಲ್ಲಿ ಸುಣ್ಣ ಸಿಗುತ್ತದೋ ಇಲ್ಲವೋ ಯಾರಿಗೆ ಗೊತ್ತು? ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ, ಗಂಟು ಕಟ್ಟಿ, ಸೀರೆಯ ಮಧ್ಯೆ ಭದ್ರವಾಗಿ ಇಟ್ಟಿದ್ದೆ. ಬಿಳಿ ಹುಡಿಯನ್ನು ಸೀರೆಯಲ್ಲಿ ಸುತ್ತಿ ಗಡಿ ದಾಟಿಸುವುದು ಬೇರೆಯವರ ಕಣ್ಣಿಗೆ ಹೇಗೆ ಕಂಡೀತು ಎಂಬ ಯೋಚನೆ ನನ್ನ ತಲೆಗೆ ಬರಲೇ ಇಲ್ಲ.

ಕೋಪನ್‌ಹೇಗನ್ ವಿಮಾನ ನಿಲ್ದಾಣದ ಅಧಿಕಾರಿಗಳ ತಲೆಗೆ ಮೊದಲು ಬಂದದ್ದೇ ಅದು. ಎತ್ತರದ ಒಬ್ಬ ಹೆಂಗಸು ನನ್ನನ್ನು ಪಕ್ಕದ ಕೋಣೆಗೆ ಕರೆದೊಯ್ದು ತೊಟ್ಟೆಯನ್ನು ಮೇಜಿನ ಮೇಲಿಟ್ಟು, ಏನಿದು ಎಂದಳು. ಮೈದಾನಕ್ಕೆ ಗೆರೆ ಹಾಕುವ ಹುಡಿ ಎಂದೆ. ಅವಳು ನನ್ನ ಸೀರೆಯನ್ನು ನೋಡಿದಳು, ಹುಡಿಯನ್ನು ನೋಡಿದಳು. ಮೊಬೈಲಿನಲ್ಲಿ ನಮ್ಮ ಶಾಲೆಯ ಕ್ರೀಡಾಕೂಟದ ಫೋಟೋ ಹುಡುಕಿ, ಮಕ್ಕಳ ಕಾಲಡಿಯ ಬಿಳಿ ಗೆರೆಗಳನ್ನು ಬೆರಳಿಟ್ಟು ತೋರಿಸಿದೆ. ಯಾವುದೋ ಯಂತ್ರದಲ್ಲಿ ಪರೀಕ್ಷೆಯೂ ಆಯಿತು. ಕೊನೆಗೆ ಅವಳು ನಕ್ಕು, ನಮ್ಮಲ್ಲೂ ಗೆರೆಗಳಿವೆ ಎಂದು ಹೇಳಿ ನನ್ನನ್ನು ಬಿಟ್ಟಳು. ಸುಣ್ಣವನ್ನು ಮಾತ್ರ ಬಿಡಲಿಲ್ಲ.

ಅಲ್ಲಿಂದ ಪಶ್ಚಿಮ ಕರಾವಳಿಯ ಒಂದು ಸಣ್ಣ ಊರಿಗೆ ರೈಲು. ಕುಳಿತ ಕೂಡಲೇ ಗಂಡನಿಗೆ ಫೋನು ಮಾಡಿ ಸುಣ್ಣದ ಕತೆಯನ್ನೆಲ್ಲ ತುಳುವಿನಲ್ಲಿ ವಿಸ್ತಾರವಾಗಿ ಹೇಳಿದೆ. ಮೈದಾನದ ಸ್ವರ ನನ್ನದು, ಫೋನು ಇಲ್ಲದೆಯೂ ಅಲೆವೂರಿನ ನಮ್ಮ ಮನೆಗೆ ಕೇಳೀತು. ಮುಗಿಸಿ ತಲೆ ಎತ್ತಿದರೆ ಇಡೀ ಬೋಗಿ ನನ್ನತ್ತ ನೋಡುತ್ತಿತ್ತು. ಎದುರಿನ ಅಜ್ಜಿ ಬಹಳ ಮೃದುವಾಗಿ ಕಿಟಕಿಯ ಮೇಲಿನ ಚಿತ್ರವನ್ನು ತೋರಿಸಿದಳು. ತುಟಿಯ ಮೇಲೆ ಬೆರಳಿಟ್ಟ ಮುಖ. ಮಾತಾಡಬಾರದ ಬೋಗಿಯಂತೆ ಅದು! ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಅಂಥ ಚಿತ್ರ ಅಂಟಿಸಿದರೆ ಕಂಡಕ್ಟರೇ ಮೊದಲು ಇಳಿದು ಹೋಗಬೇಕಾದೀತು.

ಮೂರನೆಯ ದಿನ: ಉಳಿದವರು

ನನ್ನನ್ನು ನೋಡಿಕೊಳ್ಳಬೇಕಾದ ಶಿಕ್ಷಕಿಯ ಹೆಸರು ಕಿರ್ಸ್ಟೆನ್. ವಯಸ್ಸು ಐವತ್ತೈದು ದಾಟಿರಬಹುದು. ಆರನೆಯ ತರಗತಿಗೆ ಗಣಿತ ಮತ್ತು ಆಟ ಎರಡನ್ನೂ ಅವರೇ ಕಲಿಸುತ್ತಾರೆ. ಮಕ್ಕಳು ಅವರನ್ನು ಬರೀ "ಕಿರ್ಸ್ಟೆನ್" ಎಂದು ಕರೆಯುವುದು ಕೇಳಿ ನನಗೇ ನಾಚಿಕೆಯಾಯಿತು. ನಾನು ಎಷ್ಟು ಪ್ರಯತ್ನಪಟ್ಟರೂ "ಕಿರ್ಸ್ಟೆನ್ ಮೇಡಂ" ಎಂದೇ ಬಾಯಿಗೆ ಬರುತ್ತಿತ್ತು. ಎರಡನೆಯ ದಿನಕ್ಕೆ ತರಗತಿಯ ಎಲ್ಲರೂ ಅವರನ್ನು ಮೇಡಂ ಎಂದು ಕರೆದು ನಗತೊಡಗಿದರು.

ಊರಿನ ಗಾಳಿಯಲ್ಲಿ ನಮ್ಮ ಕಾಪುವಿನದೇ ಉಪ್ಪು, ಆದರೆ ಮೂಳೆಗೆ ಹೊಕ್ಕುವ ಚಳಿ. ಮೀನೂ ಇತ್ತು. ಅದಕ್ಕೆ ಸಕ್ಕರೆ ಹಾಕಿ ಹುಳಿಯಲ್ಲಿ ನೆನೆಸಿ ಹಸಿಯಾಗಿಯೇ ತಿನ್ನುತ್ತಾರೆ. ಬಂಗುಡೆಯ ಹುಳಿ-ಖಾರದ ಪುಳಿಮುಂಚಿ ತಿಂದು ಬೆಳೆದ ನಾಲಗೆ ಒಂದು ಚೂರಿಗೇ ಕೈಮುಗಿಯಿತು. ಮಳೆ ಬಂದರೆ ಮಕ್ಕಳು ಒಳಗೆ ಓಡುವುದಿಲ್ಲ, ಕೋಟು ಹಾಕಿಕೊಂಡು ಹೊರಗೆ ಓಡುತ್ತಾರೆ. ಹುಲ್ಲಿನ ಮೇಲೆ ಅಂಕಿಯ ಚೀಟಿಗಳನ್ನು ಹರಡಿ, ಏಳರ ಮಗ್ಗಿಯನ್ನು ಓಡಿ ಓಡಿ ಹೆಕ್ಕುತ್ತಾರೆ. ಉದ್ದ ಜಿಗಿದರೆ ಮೊದಲು ಎಷ್ಟು ಜಿಗಿದೆ ಎಂದು ಊಹಿಸಿ ಹೇಳಬೇಕು, ಆಮೇಲೆ ಟೇಪು. ಸದಾನಂದ ಮಾಸ್ಟ್ರು ಇದನ್ನು ನೋಡಿದ್ದರೆ ಎಂದುಕೊಂಡೆ. ಮತ್ತೆ, ಅವರು ಮಳೆಯಲ್ಲಿ ನಿಲ್ಲುವವರಲ್ಲ ಎಂದೂ ಅಂದುಕೊಂಡೆ.

ಮೂರನೆಯ ದಿನ ನಮ್ಮೂರಿನ ಆಟವೊಂದನ್ನು ಆಡಿಸಿ ಎಂದರು. ನಾವೆಲ್ಲ ಆಡಿಸುವುದೇ: ಮಕ್ಕಳು ಸುತ್ತ ಓಡುತ್ತಿರಬೇಕು, ನಾನು ಒಂದು ಸಂಖ್ಯೆ ಕೂಗಿದ ಕೂಡಲೇ ಅಷ್ಟಷ್ಟು ಮಂದಿ ಗುಂಪು ಕಟ್ಟಬೇಕು, ಗುಂಪು ಸಿಗದವರು ಔಟ್. ಇಪ್ಪತ್ತಮೂರು ಮಕ್ಕಳು. "ನಾಲ್ಕು!" ಎಂದೆ. ಐದು ಗುಂಪಾದವು, ಮೂವರು ಉಳಿದರು. ಬದಿಗೆ ಹೋಗಿ ನಿಲ್ಲಿ ಎಂದು ಕೈ ತೋರಿಸಿದೆ.

ಉಳಿದವರಲ್ಲಿ ಫ್ರೇಯಾ ಎಂಬ ಹುಡುಗಿಯೊಬ್ಬಳು ಕದಲಲಿಲ್ಲ. ಕಿರ್ಸ್ಟೆನ್ ಹತ್ತಿರ ಏನೋ ಕೇಳಿದಳು. ಅವರು ಇಂಗ್ಲಿಷಿನಲ್ಲಿ ನನಗೆ ಹೇಳಿದರು.

"ನಾವೇನು ತಪ್ಪು ಮಾಡಿದೆವು ಎಂದು ಕೇಳುತ್ತಿದ್ದಾಳೆ. ಇಪ್ಪತ್ತಮೂರನ್ನು ನಾಲ್ಕರಿಂದ ಭಾಗಿಸಿದರೆ ಮೂರು ಉಳಿಯಲೇಬೇಕಲ್ಲ ಎನ್ನುತ್ತಾಳೆ."

ಇಲ್ಲಿ ಉಳಿದವರು ಔಟ್ ಆಗುವುದಿಲ್ಲವಂತೆ, ಮುಂದಿನ ಸಂಖ್ಯೆಯನ್ನು ಅವರೇ ಹೇಳುತ್ತಾರಂತೆ. ಹಾಗೇ ಆಗಲಿ ಎಂದೆ. ಫ್ರೇಯಾ "ಐದು" ಎಂದಳು, ಮತ್ತೆ ಮೂವರು ಉಳಿದರು. "ಏಳು" ಎಂದಾಗ ಇಬ್ಬರು. "ಎರಡು" ಎಂದರೂ ಒಬ್ಬ ಉಳಿದ. ಯಾರೂ ಉಳಿಯದ ಸಂಖ್ಯೆ ಬೇಕೆಂದು ಮಕ್ಕಳು ಮಳೆಯಲ್ಲೇ ತಲೆ ಸೇರಿಸಿ ಜಗಳಾಡಿದರು. ಒಂದು ಮತ್ತು ಇಪ್ಪತ್ತಮೂರು ಬಿಟ್ಟರೆ ಅಂಥದ್ದು ಇಲ್ಲ ಎಂದು ಗೊತ್ತಾಗಲು ಕಾಲು ಗಂಟೆ ಹಿಡಿಯಿತು. ಆಗ ಫ್ರೇಯಾ ಓಡಿಬಂದು ನನ್ನ ಕೈ ಹಿಡಿದು ನಡುವಿಗೆ ಎಳೆದಳು. ಈಗ ಇಪ್ಪತ್ತನಾಲ್ಕು! "ಆರು!" ಎಂದು ಕೂಗಿದಳು. ಒಬ್ಬರೂ ಉಳಿಯಲಿಲ್ಲ.

ನಾನು ನಗುತ್ತಿದ್ದೆ, ಆದರೆ ಒಳಗೆ ಏನೋ ಚುಚ್ಚಿತು. ಇದೇ ಆಟವನ್ನು ನಾನು ಎಷ್ಟು ವರ್ಷಗಳಿಂದ ಆಡಿಸಿದ್ದೇನೆ! ದೂರದ ನಂದಿಕೂರಿನಿಂದ ಬರುವ, ಜೊತೆಗಾರರಿಲ್ಲದ ಮಕ್ಕಳು, ದಪ್ಪಗಿದ್ದವರು, ಮೆಲ್ಲಗೆ ಓಡುವವರು, ಮೊದಲ ಐದು ನಿಮಿಷದಲ್ಲೇ ಔಟಾಗಿ ಉಳಿದ ಪಿರಿಯಡ್ ಪೂರ್ತಿ ಗೋಡೆಗೆ ಒರಗಿ ನಿಂತಿರುತ್ತಿದ್ದರು. ಆಟ ಬೇಕಾದದ್ದು ಅವರಿಗೇ. ಏನೇ ಇರಲಿ, ಹೆಡ್‌ಮಾಸ್ಟ್ರಿಗೆ ತೋರಿಸಲು ಒಂದು ಒಳ್ಳೆಯ ಪಾಠ ಸಿಕ್ಕಿತು, ಪಿರಿಯಡ್ ಉಳಿಯಿತು ಎಂದು ಆ ದಿನ ನೆಮ್ಮದಿಯಿಂದ ಊಟ ಮಾಡಿದೆ.

ಆರನೆಯ ದಿನ: ಹಗ್ಗ

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ನನಗೆ ಹುಮ್ಮಸ್ಸು ಬಂದುಬಿಟ್ಟಿತ್ತು. ನಮ್ಮಲ್ಲಿ ಓಟದ ಟ್ರ್ಯಾಕ್ ಹೇಗೆ ಹಾಕುತ್ತೇವೆ ನೋಡಿ ಎಂದೆ. ಆ ಕೆಲಸದಲ್ಲಿ ನಾನು ಗಟ್ಟಿ. ಎರಡು ಗೂಟ, ಒಂದು ಹಗ್ಗ ಇದ್ದರೆ ಯಾವ ಗುಡ್ಡದ ಮೇಲೂ ಟ್ರ್ಯಾಕ್ ಹಾಕಿಯೇನು. ಸುಣ್ಣ ಇರಲಿಲ್ಲವಾದ್ದರಿಂದ ಗೆರೆಗಳ ಬದಲು ಹಗ್ಗಗಳನ್ನೇ ಹುಲ್ಲಿನ ಮೇಲೆ ಹಾಸಿದೆವು. ಅಲ್ಲಿನ ಹುಲ್ಲುಹಾಸು ಸಣ್ಣದು, ನೂರು ಮೀಟರಿನ ಸುತ್ತು ಸಾಕು ಎಂದುಕೊಂಡು ನಾಲ್ಕು ಲೇನು ಹಾಕಿದೆ.

ಹೊರಗಿನ ಲೇನಿನವರು ಹೆಚ್ಚು ದೂರ ಓಡಬೇಕಾಗುತ್ತದಲ್ಲ, ಅದಕ್ಕೆ ಅವರನ್ನು ಸ್ವಲ್ಪ ಮುಂದೆ ನಿಲ್ಲಿಸಬೇಕು. ಎಷ್ಟು ಮುಂದೆ? ಟ್ರೈನಿಂಗ್ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ: ನಾನೂರು ಮೀಟರಿನ ಟ್ರ್ಯಾಕಿಗೆ, ಲೇನಿನ ಅಗಲ ಒಂದು ಮೀಟರ್ ಇದ್ದರೆ, ಒಂದೊಂದು ಲೇನಿಗೂ ಆರು ಮೀಟರ್ ಇಪ್ಪತ್ತೆಂಟು ಸೆಂಟಿಮೀಟರ್. ಕಾಪುವಿನ ನಮ್ಮ ಮೈದಾನ ಇನ್ನೂರು ಮೀಟರಿನದು, ಅರ್ಧ, ಆದ್ದರಿಂದ ಅರ್ಧ ಬಿಡುತ್ತೇನೆ. ಇಲ್ಲಿ ನೂರು, ಕಾಲು ಭಾಗ ಸಾಕು. ಇದನ್ನೆಲ್ಲ ಎಲ್ಲರೆದುರು ವಿವರಿಸುವಾಗ, ನಾನು ಗಣಿತ ಮಾಡುತ್ತಿದ್ದೇನೆ ಎಂಬ ಹೆಮ್ಮೆ ಎದೆಯಲ್ಲಿ ತುಂಬಿತ್ತು. ಕಿರ್ಸ್ಟೆನ್ ಮಾತ್ರ ಸ್ವಲ್ಪ ಹುಬ್ಬು ಗಂಟಿಕ್ಕಿ ಹಗ್ಗಗಳನ್ನೇ ನೋಡುತ್ತಿದ್ದರು.

ನಾಲ್ವರನ್ನು ಒಂದು ಸುತ್ತು ಓಡಿಸಿದೆ. ನಾಲ್ಕನೇ ಲೇನು ಫ್ರೇಯಾಳಿಗೆ. ತರಗತಿಯಲ್ಲಿ ಅವಳಷ್ಟು ಜೋರು ಓಡುವವರಿಲ್ಲ, ಆದರೂ ಕೊನೆಯವಳಾಗಿ ಬಂದಳು. ಏದುಸಿರು ಬಿಡುತ್ತಾ, "ನಾನು ಹೆಚ್ಚು ಓಡಿದೆ, ಇದು ಸರಿಯಿಲ್ಲ," ಎಂದಳು. ಲೇನನ್ನು ದೂರಬೇಡ ಎಂದು ಬೈಯಲು ನಾನು ಬಾಯಿ ತೆರೆಯುವಷ್ಟರಲ್ಲಿ ಕಿರ್ಸ್ಟೆನ್, "ಹೌದೇ? ಅಳೆಯೋಣವೇ?" ಎಂದರು.

ಮಕ್ಕಳು ಮೊದಲ ಲೇನಿನುದ್ದಕ್ಕೂ ಹಗ್ಗ ಹಿಡಿದು ನಿಂತರು, ಆಮೇಲೆ ಎರಡನೆಯದಕ್ಕೆ. ಎರಡು ಹಗ್ಗಗಳನ್ನು ನೆಟ್ಟಗೆ ಚಾಚಿ ಹೋಲಿಸಿದರು. ವ್ಯತ್ಯಾಸ ಆರು ಮೀಟರ್ ಮೇಲೆ ಒಂದು ಗೇಣಿಗಿಂತ ತುಸು ಹೆಚ್ಚು. ಎಲ್ಲೋ ತಪ್ಪಾಗಿದೆ, ಅಷ್ಟು ಇರಬೇಕಾದದ್ದು ದೊಡ್ಡ ಮೈದಾನಕ್ಕೆ, ಮತ್ತೊಮ್ಮೆ ಅಳೆಯಿರಿ ಎಂದೆ. ಮತ್ತೆ ಅಷ್ಟೇ. ಫ್ರೇಯಾ ಒಂದು ಫುಟ್ಬಾಲನ್ನು ನೆಲದ ಮೇಲಿಟ್ಟು ಸುತ್ತಲೂ ಹಗ್ಗ ಸುತ್ತಿದಳು. ಆಮೇಲೆ ಚೆಂಡಿನಿಂದ ಒಂದು ಮೀಟರ್ ಹೊರಗೆ ಇನ್ನೊಂದು ಸುತ್ತು. ವ್ಯತ್ಯಾಸ ಆರು ಮೀಟರ್, ಒಂದು ಗೇಣು! ಶಾಲೆಯ ಎದುರಿನ ದುಂಡಗಿನ ಹೂವಿನ ಪಾತಿಗೂ ಸುತ್ತಿ ನೋಡಿದಳು. ಅಷ್ಟೇ! ಸುತ್ತು ಚಿಕ್ಕದಿರಲಿ ದೊಡ್ಡದಿರಲಿ, ಒಂದು ಮೀಟರ್ ಹೊರಗೆ ಸರಿದರೆ ಬೆಳೆಯುವುದು ಅಷ್ಟೇ. ಮೈದಾನ ಅರ್ಧವಾದರೆ ಅದು ಅರ್ಧವಾಗುವುದಿಲ್ಲ. ಮಕ್ಕಳು ಇದೊಂದು ಜಾದೂ ಎಂಬಂತೆ ಕುಣಿಯುತ್ತಿದ್ದರು. ನಾನು ಒದ್ದೆ ಹುಲ್ಲಿನ ಮೇಲೆ ಕುಳಿತುಬಿಟ್ಟೆ.

ಹನ್ನೊಂದು ವರ್ಷದಿಂದ ಕಾಪುವಿನ ಆ ಮೈದಾನದಲ್ಲಿ ನಾನು ಅರ್ಧವೇ ಬಿಟ್ಟಿದ್ದೇನೆ. ನಮ್ಮ ಶಾಲೆಯ ಮಕ್ಕಳಲ್ಲಿ ಒಂದು ನಂಬಿಕೆ ಉಂಟು: ಲೇನಿಗಾಗಿ ಚೀಟಿ ಎತ್ತುವಾಗ ಎಲ್ಲಕ್ಕಿಂತ ಹೊರಗಿನ ಐದನೆಯದು ಬಂದರೆ ಅಲ್ಲಿಗೆ ಮುಗಿಯಿತು, ಐದನೇ ಲೇನಿನವರು ಗೆಲ್ಲುವುದಿಲ್ಲ. ಚೀಟಿ ಎತ್ತುವ ಮೊದಲು ಕಣ್ಣು ಮುಚ್ಚಿ ದೇವರನ್ನು ನೆನೆಯುವ ಮಕ್ಕಳನ್ನು ನಾನೇ ನೋಡಿದ್ದೇನೆ. ಮೂಢನಂಬಿಕೆ ಎಂದು ಪ್ರಾರ್ಥನೆಯ ಸಭೆಯಲ್ಲಿ ಭಾಷಣವನ್ನೂ ಬಿಗಿದಿದ್ದೇನೆ.

ಕಳೆದ ವರ್ಷ ತಾಲೂಕು ಕೂಟಕ್ಕೆ ನಡೆದ ಇನ್ನೂರು ಮೀಟರ್ ಆಯ್ಕೆಯ ಓಟದಲ್ಲಿ ಐದನೇ ಲೇನು ಬಂದದ್ದು ಸುಪ್ರೀತಾಳಿಗೆ. ಉದ್ಯಾವರದಿಂದ ಸೈಕಲಿನಲ್ಲಿ ಬರುವ ಹುಡುಗಿ, ಆಗ ಒಂಬತ್ತನೆಯ ತರಗತಿ. ಅಂಥ ಓಟಗಾರ್ತಿ ನನ್ನ ಕೈಗೆ ಸಿಕ್ಕಿರಲಿಲ್ಲ. ಮೂರು ಹೆಜ್ಜೆಯಲ್ಲಿ ಸೋತಳು. ಅತ್ತು, "ಲೇನ್ ಟೀಚರ್, ಐದನೇ ಲೇನ್," ಎಂದಾಗ ಎಲ್ಲರ ಎದುರು ಬೈದೆ. "ಲೇನಿಗೆ ಎಂತ ಆಗಿದೆ? ನಿನ್ನ ಕಾಲಿಗೆ ಹೇಳು." ಆಮೇಲೆ ಅವಳು ಮೈದಾನಕ್ಕೆ ಬರಲಿಲ್ಲ. ಪಿ.ಟಿ. ಪಿರಿಯಡ್ಡನ್ನು ಗಣಿತಕ್ಕೆ ಕೊಟ್ಟಾಗ ಖುಷಿಪಡುತ್ತಿದ್ದ ಒಬ್ಬಳೇ ಒಬ್ಬಳು ಅವಳು. ನಾಲ್ಕು ಲೇನು ಹೊರಗೆ, ಒಂದೊಂದಕ್ಕೂ ಮೂರು ಮೀಟರಿಗಿಂತ ಹೆಚ್ಚು ಕೊರತೆ. ಆ ಹುಡುಗಿ ಹನ್ನೆರಡೂವರೆ ಮೀಟರ್ ಹೆಚ್ಚು ಓಡಿ ಮೂರು ಹೆಜ್ಜೆಯಲ್ಲಿ ಸೋತಿದ್ದಳು. ಪರದೇಶದ ಮಕ್ಕಳ ಎದುರು ಅಳಬಾರದೆಂದು ತುಟಿ ಕಚ್ಚಿಕೊಂಡೆ, ಆದರೂ ಅತ್ತೆ.

ಕೊನೆಯ ಸಂಜೆ: ಕಡಲ ದಂಡೆ

ಹೊರಡುವ ಹಿಂದಿನ ಸಂಜೆ ಕಿರ್ಸ್ಟೆನ್ ನನ್ನನ್ನು ದಂಡೆಗೆ ಕರೆದೊಯ್ದರು. ನಮ್ಮ ಕಡಲಿನಂತೆ ಅಲ್ಲೂ ಸೂರ್ಯ ನೀರಿಗೇ ಇಳಿಯುತ್ತಾನೆ, ಆದರೆ ಬಹಳ ಓರೆಯಾಗಿ, ಅವಸರವಿಲ್ಲದೆ ಇಳಿಯುತ್ತಾನೆ. ನಾನು ಎಲ್ಲವನ್ನೂ ಹೇಳಿದೆ. ಪಿರಿಯಡ್ಡಿನ ಷರತ್ತು, ಸದಾನಂದ ಮಾಸ್ಟ್ರು, ಸುಪ್ರೀತಾ. ಗುಂಪಿನ ಆಟವನ್ನೇ ತೋರಿಸಿದರೆ ಪಿರಿಯಡ್ ಖಂಡಿತ ಉಳಿಯುತ್ತದೆ. ಟ್ರ್ಯಾಕಿನ ತಪ್ಪನ್ನು ಯಾರಿಗೂ ಹೇಳದೆ ಮುಂದಿನ ಕೂಟಕ್ಕೆ ಸರಿಯಾಗಿ ಹಾಕಿಬಿಟ್ಟರಾಯಿತು, ಯಾರಿಗೂ ಗೊತ್ತಾಗುವುದಿಲ್ಲ. ಹೇಳಿಕೊಂಡರೆ, ಟ್ರ್ಯಾಕೇ ಹಾಕಲು ಬಾರದವಳಿಗೆ ಪಿರಿಯಡ್ ಯಾಕೆ ಎಂದು ಕೇಳುವುದಿಲ್ಲವೇ?

ಅವರು ಕೇಳಿದ್ದು ಒಂದೇ. "ಆ ಹುಡುಗಿ ಇನ್ನೂ ನಿಮ್ಮ ಶಾಲೆಯಲ್ಲೇ ಇದ್ದಾಳೆಯೇ?"

"ಇದ್ದಾಳೆ. ಮಾರ್ಚಿನವರೆಗೆ."

"ಹಾಗಾದರೆ ಸಮಯ ಇದೆ," ಎಂದರು.

ಆ ಉತ್ತರ ನನಗೆ ಇಷ್ಟವಾಗಲಿಲ್ಲ. ಕೋಪನ್‌ಹೇಗನ್ನಿನವರೆಗೂ ರೈಲಿನಲ್ಲಿ ಅವರ ಮೇಲೆ ಮುನಿಸಿಕೊಂಡೇ ಕುಳಿತಿದ್ದೆ. ಮಾತಾಡಬಾರದ ಬೋಗಿಯಲ್ಲಿ, ಈ ಸಲ ಗೊತ್ತಿದ್ದೇ.

ಕಾಪು: ಮೈದಾನ

ರಜೆ ಮುಗಿದು ಎರಡನೆಯ ವಾರ, ಮಳೆ ಬಿಟ್ಟು ಮೈದಾನ ಒಣಗಿದ ಮೇಲೆ ಪಾಠದ ದಿನ ಬಂತು. ಹತ್ತನೆಯ ತರಗತಿಯ ಮಕ್ಕಳು ಹೊರಗೆ, ಹೆಡ್‌ಮಾಸ್ಟ್ರು ಮತ್ತು ಸ್ಟಾಫಿನವರು ಜಗಲಿಯ ನೆರಳಿನಲ್ಲಿ. ಸುಪ್ರೀತಾ ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಂತಿದ್ದಳು. ಅವಳ ಮುಖ ನೋಡುವವರೆಗೂ ಏನು ಮಾಡಬೇಕೆಂದು ನಾನು ನಿಜವಾಗಿ ತೀರ್ಮಾನಿಸಿರಲಿಲ್ಲ. ನೋಡಿದ ಮೇಲೆ ಹಗ್ಗ ತೆಗೆದೆ.

"ಐದನೇ ಲೇನಿನವರು ಯಾಕೆ ಗೆಲ್ಲುದಿಲ್ಲ?" ಎಂದು ಮಕ್ಕಳನ್ನು ಕೇಳಿದೆ. ಅದು ನಾನೇ ನಿಷೇಧಿಸಿದ್ದ ಮಾತು. "ಅಳೆಯಿರಿ," ಎಂದೆ. ಅಳೆದರು. ಎರಡು ಲೇನುಗಳ ಹಗ್ಗವನ್ನು ಚಾಚಿ ಹಿಡಿದಾಗ ಜಗಲಿಯಿಂದ ಸದಾನಂದ ಮಾಸ್ಟ್ರು ಎದ್ದರು. ಇಪ್ಪತ್ತು ವರ್ಷದಲ್ಲಿ ಅವರು ಮೈದಾನಕ್ಕೆ ಇಳಿದದ್ದನ್ನು ಕಂಡವರಿಲ್ಲ. ಬಿಸಿಲಿಗೆ ಕೈ ಅಡ್ಡ ಹಿಡಿದು ಬಂದು, ಚಪ್ಪಲಿಯ ತುದಿಯಿಂದ ಮಣ್ಣಿನ ಮೇಲೆ ಏನೋ ಬರೆದು, ಅಲ್ಲೇ ನಿಂತರು.

"ಟೂ ಪೈ ಆರ್... ಆರ್ ಹೋಗ್ತದೆ ಮಾರಾಯ್ರೆ! ಅಗಲ ಮಾತ್ರ ಉಳಿಯುವುದು. ದುಂಡು ತೋಟದ ಸುತ್ತ ದಾರಿಯ ಲೆಕ್ಕ, ವರ್ಷ ವರ್ಷ ಮಾಡಿಸ್ತೇನೆ ನಾನು. ಆ ಕ್ಲಾಸಿನ ಕಿಟಕಿಯ ಹತ್ತಿರ ನಿಂತು." ಅವರು ಕಿಟಕಿಯನ್ನು ನೋಡಿದರು, ಮತ್ತೆ ನನ್ನನ್ನು. "ಒಂದು ದಿನವೂ ಹೊರಗೆ ನೋಡ್ಲಿಲ್ಲ ನೋಡಿ."

ನಾನು ಅವರನ್ನು ಬೈಯಲು ಎಷ್ಟು ವರ್ಷದಿಂದ ಕಾದಿದ್ದೆ! ಆ ಹೊತ್ತಿಗೆ ಅದೆಲ್ಲ ಎಲ್ಲಿ ಹೋಯಿತೋ. ಅವರ ಕಿಟಕಿಯೊಳಗೆ ನಾನೂ ಒಂದು ದಿನವೂ ಇಣುಕಿರಲಿಲ್ಲ.

"ಪಿರಿಯಡ್ ನಿಮ್ಮದೇ ಇರಲಿ ಟೀಚರ್," ಎಂದರು ಹೆಡ್‌ಮಾಸ್ಟ್ರು ಜಗಲಿಯಿಂದಲೇ. "ಆದ್ರೆ ಆ ಬೋರ್ಡಿನಲ್ಲಿ ಬರೆದಿಟ್ಟ ಓಟದ ಹಳೇ ದಾಖಲೆಗಳನ್ನು ಎಂತ ಮಾಡುವುದು?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಟೇಪು ಹಿಡಿದು, ಸರಿಯಾದ ಲೆಕ್ಕದಂತೆ ಐದೂ ಲೇನಿಗೆ ಓಟ ಶುರುವಾಗುವ ಗೆರೆಯನ್ನು ಸುಣ್ಣದಲ್ಲಿ ಹೊಸದಾಗಿ ಹಾಕಿ, ಸುಪ್ರೀತಾಳನ್ನು ಮುಂದೆ ಕರೆದೆ.

"ಕಳೆದ ವರ್ಷ ಗೆರೆ ಹಾಕಿದ್ದು ನಾನು. ತಪ್ಪು ಹಾಕಿದ್ದೆ. ನೀನು ಒಂದನೇ ಲೇನಿನವರಿಗಿಂತ ಹನ್ನೆರಡೂವರೆ ಮೀಟರ್ ಹೆಚ್ಚು ಓಡಿದ್ದೀ."

ಅವಳು ನೆಲ ನೋಡಿದಳು. "ನೀವು ಆವತ್ತು ಎಲ್ಲರ ಎದುರು ಬೈದಿದ್ರಿ ಟೀಚರ್."

"ಹೌದು. ಅದಕ್ಕೇ ಎಲ್ಲರ ಎದುರು ಹೇಳ್ತಿದ್ದೇನೆ. ತಪ್ಪಾಯ್ತು."

ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ಹೇಳಬೇಕೆಂದು ನಾನು ಆಸೆಪಟ್ಟಿದ್ದೆ ಎಂದು ಆಗ ತಿಳಿಯಿತು. ಅವಳು ನನ್ನ ಕೈಯಿಂದ ಟೇಪು ತೆಗೆದುಕೊಂಡಳು.

"ಇವತ್ತು ಹೊಸತಾಗಿ ಹಾಕಿದ ಗೆರೆ ಸರಿ ಉಂಟಾ?"

"ಸರಿ ಉಂಟು."

"ನಾನೊಮ್ಮೆ ನೋಡ್ತೇನೆ."

ಒಂದೊಂದೇ ಗೆರೆಗೆ ಟೇಪು ಹಿಡಿದು, ಬಾಗಿ, ಓದಿ, ಐದನೆಯದರವರೆಗೆ ಅಳೆದಳು. ಗಂಟೆ ಹೊಡೆಯಿತು. ಯಾರೂ ಒಳಗೆ ಹೋಗಲಿಲ್ಲ. ಆಮೇಲೆ ಟೇಪು ಸುತ್ತಿಟ್ಟು, ಚಪ್ಪಲಿ ಬಿಚ್ಚಿ, ಯಾರೂ ಹೇಳದೆ ಐದನೇ ಲೇನಿನಲ್ಲಿ ಹೋಗಿ ನಿಂತಳು. ಉಳಿದ ಲೇನುಗಳಿಗೆ ನಾಲ್ವರು ಓಡಿಬಂದರು.

"ಆನ್ ಯುವರ್ ಮಾರ್ಕ್," ಎಂದೆ. ಮೈದಾನದ ನನ್ನ ಸ್ವರ ನನಗೇ ಕೇಳಿಸಲಿಲ್ಲ.

"ಕೇಳುದಿಲ್ಲ ಟೀಚರ್," ಎಂದಳು ಸುಪ್ರೀತಾ, ಗೆರೆಯಿಂದ ತಲೆ ಎತ್ತದೆ. "ದೊಡ್ಡಕ್ಕೆ ಹೇಳಿ."